ಖಾಲಿ ಮೈದಾನ, ಕಿತ್ತಳೆ ಕೋನ್, ಒಂದು ನಿಮಿಷ: ಆಟೋಕ್ರಾಸ್‌ಗೆ ಮೊದಲ ಸಲ ಇಳಿಯುವವರಿಗೆ

ಆಟೋಕ್ರಾಸ್ ಎಂಬ ಮಾತಿಗೆ ಚಿಕ್ಕಮಗಳೂರಿನಲ್ಲಿ ಒಂದು ಅರ್ಥ, ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು. ನಮ್ಮ ಕಡೆ ಅದು ಮಣ್ಣಿನ ಟ್ರ್ಯಾಕು, ಧೂಳು, ಜಿಪ್ಸಿಗಳ ಆರ್ಭಟ. ಅಮೆರಿಕದಲ್ಲಿ ಅದು ಡಾಂಬರು ಇಲ್ಲವೇ ಕಾಂಕ್ರೀಟಿನ ವಿಶಾಲ ಬಯಲು. ಹಳೆಯ ವಿಮಾನನೆಲೆ, ಕ್ರೀಡಾಂಗಣದ ಪಾರ್ಕಿಂಗ್ ಜಾಗ, ಇಂಥ ಕಡೆ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಒಂದು ದಾರಿ ಕಟ್ಟುತ್ತಾರೆ. ಆ ದಾರಿಯಲ್ಲಿ ಕಾರುಗಳು ಒಂದೊಂದಾಗಿ ಓಡುತ್ತವೆ, ಸ್ಪರ್ಧೆ ಗಡಿಯಾರದ ಜೊತೆ. ಕೆಲಸಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿರುವ ಕನ್ನಡಿಗರಲ್ಲಿ ಕಾರಿನ ಹುಚ್ಚಿರುವವರು ಎಷ್ಟೋ ಮಂದಿ. ತಾವು ದಿನಾ ಆಫೀಸಿಗೆ ಓಡಿಸುವ ಕಾರಿನಲ್ಲೇ ಈ ಸ್ಪರ್ಧೆಗೆ ಇಳಿಯಬಹುದು ಎಂಬುದು ಅವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಬರಹದ ಬಹುಪಾಲು ಆ ಡಾಂಬರಿನ ಆಟೋಕ್ರಾಸ್ ಕುರಿತು. ಮಣ್ಣಿನದು ಕೊನೆಯಲ್ಲಿ ಬರುತ್ತದೆ.

ಅಮೆರಿಕದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ನಡೆಸುವುದು 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಎಲ್ಲರ ಬಾಯಲ್ಲಿ ಎಸ್‌ಸಿಸಿಎ. ಆಟೋಕ್ರಾಸ್‌ಗೆ ಅವರಿಟ್ಟ ಹೆಸರು ಸೋಲೋ. ದೇಶದ ಫೈನಲ್ 2009ರಿಂದ ನೆಬ್ರಾಸ್ಕಾದ ಲಿಂಕನ್ ಊರಿನ ವಿಮಾನನೆಲೆಯ ಕಾಂಕ್ರೀಟಿನ ಮೇಲೆ ಸೆಪ್ಟೆಂಬರಿನಲ್ಲಿ ನಡೆಯುತ್ತಾ ಬಂದಿದೆ. ಸಾವಿರಕ್ಕೂ ಹೆಚ್ಚು ಚಾಲಕರು ಸೇರುತ್ತಾರೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಅವರ ಸ್ಯಾನ್ ಫ್ರಾನ್ಸಿಸ್ಕೋ ವಿಭಾಗ ಕ್ರೋಸ್ ಲ್ಯಾಂಡಿಂಗ್ ಎಂಬ ಹಳೆಯ ವಿಮಾನನೆಲೆಯನ್ನು ಬಳಸುತ್ತಾ ಬಂದಿದೆ. ಪೋರ್ಷೆ, ಬಿಎಂಡಬ್ಲ್ಯೂ ಮಾಲೀಕರ ಕ್ಲಬ್‌ಗಳೂ ತಮ್ಮದೇ ಆಟೋಕ್ರಾಸ್ ನಡೆಸುತ್ತವೆ. ನಿಯಮಗಳ ಎಲುಬು ಬಹುತೇಕ ಎಲ್ಲೆಡೆ ಒಂದೇ.

ಮೊದಲಿಗರು ಕೇಳುವ ಮೊದಲ ಪ್ರಶ್ನೆ: ಕಾರಿಗೆ ಏನು ಹಾಕಿಸಬೇಕು? ಏನೂ ಬೇಡ. ಮೊದಲ ವರ್ಷ ಆಟೋಕ್ರಾಸ್‌ನಲ್ಲಿ ಸೆಕೆಂಡುಗಳು ಸೋರಿಹೋಗುವುದು ಎಂಜಿನ್ನಿನಿಂದಲೂ ಅಲ್ಲ, ಸಸ್ಪೆನ್ಷನ್‌ನಿಂದಲೂ ಅಲ್ಲ. ಚಾಲಕನ ಕಣ್ಣು ಬೀಳಬೇಕಾದ ಕಡೆ ಬೀಳದೆ, ಕೈಕಾಲುಗಳು ತಡವಾಗಿ ಎಚ್ಚೆತ್ತು, ಆಮೇಲೆ ಅವಸರದಲ್ಲಿ ಟೈರಿನಿಂದ ಅದು ಕೊಡಲಾರದಷ್ಟನ್ನು ಕೇಳುವುದರಿಂದ ಸೋರುತ್ತವೆ. ಮುಂದಿನ ಹೆಚ್ಚಿನ ಮಾತು ಇದನ್ನೇ ಬಿಡಿಸುತ್ತದೆ.

ಕೋನ್ ಬಿದ್ದರೆ ಏನು

ಒಂದು ಓಟ ಸಾಮಾನ್ಯವಾಗಿ 40ರಿಂದ 70 ಸೆಕೆಂಡು. ದಿನಕ್ಕೆ ನಾಲ್ಕೋ ಐದೋ ಓಟ ಸಿಗುತ್ತವೆ, ಅವುಗಳಲ್ಲಿ ಅತ್ಯುತ್ತಮ ಒಂದೇ ಲೆಕ್ಕಕ್ಕೆ. ಪ್ರತಿ ಕೋನ್‌ನ ಬುಡದ ಸುತ್ತ ನೆಲದ ಮೇಲೆ ಚೌಕ ಗೆರೆ ಎಳೆದಿರುತ್ತಾರೆ. ಕೋನ್ ಉರುಳಿದರೆ, ಅಥವಾ ನಿಂತಿದ್ದೂ ಚೌಕದಿಂದ ಪೂರ್ತಿ ಆಚೆ ಸರಿದರೆ 2 ಸೆಕೆಂಡು ದಂಡ. ಸರಿದ ಕೋನ್ ನೆಟ್ಟಗೆ ನಿಂತು ಗೆರೆಯನ್ನು ಇನ್ನೂ ಮುಟ್ಟುತ್ತಿದ್ದರೆ ದಂಡವಿಲ್ಲ. ಒಂದು ಗೇಟನ್ನು, ಅಂದರೆ ನಡುವೆ ಹಾದುಹೋಗಬೇಕಾದ ಜೋಡಿ ಕೋನ್ ಅನ್ನು, ತಪ್ಪಿಸಿ ಆಚೆ ಹಾದರೆ ಆ ಓಟವೇ ಹೋಯಿತು, ಫಲಿತಾಂಶದ ಪಟ್ಟಿಯಲ್ಲಿ ಡಿಎನ್‌ಎಫ್ (ಓಟ ಮುಗಿಸಲಿಲ್ಲ) ಎಂದು ಬರುತ್ತದೆ. ಮಲಗಿಸಿಟ್ಟ ಕೋನ್‌ಗಳೂ ಇರುತ್ತವೆ. ಅವು ಬಾಣವಿದ್ದ ಹಾಗೆ: ಮಲಗಿದ ಕೋನ್‌ನ ತುದಿ ನಿಂತ ಕೋನ್‌ನತ್ತ ಬೊಟ್ಟು ಮಾಡುತ್ತದೆ, ಮಲಗಿದ್ದು ಯಾವ ಕಡೆ ಇದೆಯೋ ಅದರ ಎದುರು ಬದಿಯಿಂದ ನಿಂತ ಕೋನನ್ನು ದಾಟಬೇಕು. ಮೊದಲ ದಿನ ಡಿಎನ್‌ಎಫ್ ಆಗುವವರಲ್ಲಿ ಹೆಚ್ಚಿನವರು ಈ ಬಾಣ ಓದಲು ಕಲಿಯದವರು.

ಹಿಂದಿನ ಕಾರು ಬೀಳಿಸಿದ ಕೋನ್ ನಿಮ್ಮ ದಾರಿಯಲ್ಲಿ ಇನ್ನೂ ಬಿದ್ದಿದ್ದರೆ ಅಲ್ಲೇ ನಿಲ್ಲಿಸಿ, ಕೋನ್ ಎತ್ತಲು ದಾರಿಯ ಬದಿ ನಿಂತ ಕೆಲಸಗಾರರಿಗೆ ಅದನ್ನು ತೋರಿಸಿ. ಮರು ಓಟ ಸಿಗುತ್ತದೆ. ಕೆಂಪು ಬಾವುಟ ಕಂಡರೂ ಹಾಗೆಯೇ, ಕೂಡಲೇ ನಿಂತು ಅವರು ಹೇಳುವ ತನಕ ಕಾಯಬೇಕು. ಕೆಂಪು ಬಾವುಟ ಕಂಡೂ ಓಟ ಮುಗಿಸಿಬಿಡೋಣ ಎಂದವರನ್ನು ಸಂಘಟಕರು ಮನೆಗೆ ಕಳಿಸಬಹುದು. ಅದು ಸರಿಯೇ: ಆ ಬಾವುಟ ಎದ್ದಿದೆ ಎಂದರೆ ಮುಂದೆಲ್ಲೋ ಮನುಷ್ಯರು ನಡೆಯುತ್ತಿದ್ದಾರೆ.

ವೇಗದ ಬಗ್ಗೆ ಭಯ ಬೇಡ. ಬಹುಪಾಲು ದಾರಿ ಎರಡನೇ ಗೇರಿನಲ್ಲೇ ಮುಗಿಯುತ್ತದೆ. ಅತಿ ವೇಗದ ಜಾಗದಲ್ಲೂ ಸಾಧಾರಣ ಕಾರು ಗಂಟೆಗೆ 100 ಕಿ.ಮೀ. ಆಸುಪಾಸು. ದಾರಿಯ ಅಂಚಿನಿಂದ ಕಂಬ, ಗೋಡೆ, ಕಟ್ಟೆಗಳು ಕನಿಷ್ಠ 25 ಅಡಿ ದೂರವಿರಬೇಕು ಎಂಬ ನಿಯಮವಿದೆ. ತಪ್ಪಿದರೆ ಸಾಮಾನ್ಯವಾಗಿ ಹೋಗುವುದು ಕೋನ್ ಮತ್ತು ಬಂಪರಿನ ಒಂದಿಷ್ಟು ಬಣ್ಣ. ಎತ್ತರವಾಗಿದ್ದು ಅಗಲ ಕಡಿಮೆ ಇರುವ ಎಸ್‌ಯುವಿ, ವ್ಯಾನುಗಳು ಮಾತ್ರ ಪಲ್ಟಿ ಹೊಡೆಯುವ ಅಪಾಯವಿರುವುದರಿಂದ ಅವನ್ನು ಒಳಗೆ ಬಿಡುವುದಿಲ್ಲ. ನಿಮ್ಮದು ಕ್ರಾಸ್‌ಓವರ್ ಆಗಿದ್ದರೆ ಹಣ ಕಟ್ಟುವ ಮೊದಲು ಸಂಘಟಕರನ್ನು ಕೇಳಿ.

ನೋಂದಣಿ ಮತ್ತು ತರಗತಿ

ಹೆಚ್ಚಿನ ಕ್ಲಬ್‌ಗಳ ನೋಂದಣಿ ಮೋಟಾರ್‌ಸ್ಪೋರ್ಟ್‌ರೆಗ್ ಎಂಬ ತಾಣದಲ್ಲಿ ಆಗುತ್ತದೆ. ಊರು, ಕ್ಲಬ್, ಸದಸ್ಯತ್ವ ನೋಡಿಕೊಂಡು ದಿನಕ್ಕೆ 40ರಿಂದ 80 ಡಾಲರ್ ಎಂದುಕೊಳ್ಳಿ. ವರ್ಷದ ಸದಸ್ಯತ್ವ ಬೇಡವೆನ್ನುವವರಿಗೆ ಎಸ್‌ಸಿಸಿಎಯಲ್ಲಿ ವಾರಾಂತ್ಯದ ಸದಸ್ಯತ್ವವೂ ಇದೆ. ಸಾಮಾನ್ಯ ಚಾಲನಾ ಪರವಾನಗಿ ಸಾಕು. ಒಂದು ಮಾತು ಮೊದಲೇ ತಿಳಿದಿರಲಿ: ಸಮಯ ಅಳೆಯುವ ಸ್ಪರ್ಧೆಯಲ್ಲಿ ಆದ ಹಾನಿಯನ್ನು ಖಾಸಗಿ ಕಾರು ವಿಮೆಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಕ್ಲಬ್‌ನ ವಿಮೆ ಬೇರೆಯವರಿಗೆ ಆಗುವ ಹಾನಿಗೆ, ನಿಮ್ಮ ಕಾರಿಗಲ್ಲ. ಪಾಲಿಸಿಯ ಆ ಪುಟ ಓದಿ ಹೋಗಿ.

ತರಗತಿಗಳ ಪಟ್ಟಿ ನೋಡಿದರೆ ತಲೆ ಗಿರ್ರೆನ್ನುತ್ತದೆ, ಆದರೆ ಒಳಗಿನ ತರ್ಕ ಸರಳ. ಕಂಪನಿ ಕೊಟ್ಟ ಹಾಗೇ ಇರುವ ಕಾರುಗಳು ಸ್ಟ್ರೀಟ್ ಗುಂಪಿಗೆ. ಅದರೊಳಗೆ ಬಲವಾದ ಕಾರು ಮೇಲಿನ ಅಕ್ಷರಕ್ಕೆ, ಸಾಧಾರಣ ಕಾರು ಎಚ್ ಕಡೆಗೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಟ್ರೆಡ್‌ವೇರ್ ಸಂಖ್ಯೆ (ಟೈರು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದರ ಅಳತೆ) 200 ಅಥವಾ ಹೆಚ್ಚಿರಬೇಕು. ರಸ್ತೆಯ ಟೈರುಗಳು ಸಾಮಾನ್ಯವಾಗಿ 300ರ ಮೇಲೆಯೇ ಇರುತ್ತವೆ. ಇಲ್ಲೇ ಹೊಸಬರು ಮುಗ್ಗರಿಸುತ್ತಾರೆ. ಕಾರು ಕೊಂಡ ಖುಷಿಯಲ್ಲಿ ಎಂಜಿನ್ ಟ್ಯೂನ್ ಮಾಡಿಸಿ, ಸ್ಪ್ರಿಂಗ್ ತಗ್ಗಿಸಿ ಬರುತ್ತಾರೆ. ಸ್ಟ್ರೀಟ್ ಗುಂಪಿನಲ್ಲಿ ಅವೆರಡಕ್ಕೂ ಅನುಮತಿ ಇಲ್ಲ. ಹಾಗಾಗಿ ಮೈಯೆಲ್ಲ ಬದಲಿಸಿಕೊಂಡು ಪಳಗಿದವರ ಗುಂಪಿಗೆ ಬೀಳುತ್ತಾರೆ. ಕಾರನ್ನು ಮುಟ್ಟದೇ ಇರುವುದೇ ಮೊದಲ ವರ್ಷದ ಜಾಣತನ.

ಬೇರೆ ಬೇರೆ ಕಾರುಗಳನ್ನು ಹೋಲಿಸಲು ಪ್ಯಾಕ್ಸ್ ಎಂಬ ಗುಣಕ ಬಳಸುತ್ತಾರೆ. ಉದಾಹರಣೆಗೆ ನಿಮ್ಮ ತರಗತಿಯ ಗುಣಕ 0.800 ಇದ್ದು ನೀವು 50 ಸೆಕೆಂಡಿನಲ್ಲಿ ಮುಗಿಸಿದರೆ ಲೆಕ್ಕದ ಸಮಯ 40. ಪಕ್ಕದ ಸ್ಪೋರ್ಟ್ಸ್ ಕಾರಿನ ಗುಣಕ 0.880 ಇದ್ದು ಅವನು 46ರಲ್ಲಿ ಮುಗಿಸಿದರೆ 40.48. ನಾಲ್ಕು ಸೆಕೆಂಡು ನಿಧಾನವಾಗಿದ್ದೂ ನೀವು ಮೇಲೆ. ಹೊಸಬರಿಗೆಂದು ಬಹಳ ಕ್ಲಬ್‌ಗಳಲ್ಲಿ ನೋವಿಸ್ ವಿಭಾಗವಿದ್ದು ಅಲ್ಲಿ ಈ ಗುಣಕದ ಮೇಲೆಯೇ ಸ್ಥಾನ ಕೊಡುತ್ತಾರೆ. ಮೊದಲ ಸಲ ಅದರಲ್ಲೇ ಹೆಸರು ಕೊಡಿ.

ಹಿಂದಿನ ದಿನ ಕಾರಿನಲ್ಲಿ ನೋಡಬೇಕಾದ್ದು

ಬೆಳಗ್ಗೆ ತಾಂತ್ರಿಕ ತಪಾಸಣೆ ಇರುತ್ತದೆ. ಅಲ್ಲಿ ನೋಡುವುದು ಕಾರಿನ ಶಕ್ತಿಯನ್ನಲ್ಲ, ಬಿಚ್ಚಿಕೊಳ್ಳುವ, ಹಾರುವ, ಸೋರುವ ವಸ್ತುಗಳನ್ನು. ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಕ್ಲ್ಯಾಂಪ್ ಸಡಿಲವಿದ್ದರೆ ಅಲ್ಲೇ ನಿಂತಿರಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ತೂಗಿ ಬೇರಿಂಗಿನ ಆಟ ನೋಡುತ್ತಾರೆ. ಬ್ರೇಕ್ ಪೆಡಲ್ ಒತ್ತಿದರೆ ಗಟ್ಟಿಯಾಗಿ ನಿಲ್ಲಬೇಕು, ಸ್ಪಂಜಿನಂತೆ ಇಳಿಯಬಾರದು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಮರಳಬೇಕು. ಟೈರಿನ ಒಳ ಅಂಚನ್ನೂ ನೋಡಿಕೊಳ್ಳಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ನೂಲು ಕಾಣುವಷ್ಟು ಸವೆದಿರುವುದುಂಟು.

ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿ. ಹೋಂಡಾ ಸಿವಿಕ್‌ಗೆ 80 ಪೌಂಡ್-ಅಡಿ, ಟೊಯೋಟಾದ ಬಹಳಷ್ಟು ಕಾರುಗಳಿಗೆ 76. ನಿಮ್ಮದರ ಸಂಖ್ಯೆ ಕಾರಿನ ಕೈಪಿಡಿಯಲ್ಲಿದೆ. ಕಾಲಲ್ಲಿ ತುಳಿದು ಬಿಗಿ ಮಾಡುವುದು ಬೇಡ, ಬೋಲ್ಟ್ ಹಿಗ್ಗಿ ಮುರಿಯುತ್ತದೆ. ವೀಲ್ ಕ್ಯಾಪ್ ಇದ್ದರೆ ತೆಗೆಯಿರಿ. ಕಾರೊಳಗಿನದೆಲ್ಲ ಖಾಲಿಯಾಗಬೇಕು: ನೀರಿನ ಬಾಟಲಿ, ಫೋನ್ ಸ್ಟ್ಯಾಂಡ್, ಡ್ಯಾಶ್‌ಬೋರ್ಡಿನ ಗಣಪತಿ, ಚಾಲಕನ ಕಾಲಡಿಯ ಮ್ಯಾಟ್. ತಿರುವಿನಲ್ಲಿ ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರಿದರೆ ಆಗುವುದನ್ನು ಬಿಡಿಸಿ ಹೇಳಬೇಕಿಲ್ಲ. ಇಂಧನ ಕಾಲು ಟ್ಯಾಂಕಿಗಿಂತ ಕಡಿಮೆ ಇರದಿರಲಿ. ಉದ್ದನೆಯ ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ಸರಿದು ಪಂಪಿನ ಬಾಯಿ ಒಣಗುತ್ತದೆ, ಎಂಜಿನ್ ಮುಗ್ಗರಿಸುತ್ತದೆ.

ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಅಥವಾ ಎಂ ಮುದ್ರೆ, ಅದೂ ಇತ್ತೀಚಿನ ಆವೃತ್ತಿಗಳದ್ದು, ಇರುವ ಹೆಲ್ಮೆಟ್ ನಡೆಯುತ್ತದೆ. ಬರೀ ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಮುದ್ರೆಯ ಬೈಕ್ ಹೆಲ್ಮೆಟ್ ನಡೆಯುವುದಿಲ್ಲ. ಹೆಚ್ಚಿನ ಕ್ಲಬ್‌ಗಳಲ್ಲಿ ಎರವಲು ಹೆಲ್ಮೆಟ್ ಇರುತ್ತದೆ, ಹಾಗಾಗಿ ಮೊದಲ ದಿನಕ್ಕೆ ಕೊಳ್ಳಬೇಕಿಲ್ಲ. ಕಾರಿನ ನಂಬರನ್ನು ನೀಲಿ ಪೇಂಟರ್ಸ್ ಟೇಪಿನಲ್ಲಿ ಬರೆದರೆ ಸಾಕು. ನೆರಳೇ ಇಲ್ಲದ ಜಾಗದಲ್ಲಿ ಇಡೀ ದಿನ ಕಳೆಯುವುದರಿಂದ ಟೋಪಿ, ಸನ್‌ಸ್ಕ್ರೀನ್, ನಾಲ್ಕು ಲೀಟರ್ ನೀರು, ಮುಚ್ಚಿದ ಶೂ ಜೊತೆಗಿರಲಿ.

ಟೈರಿನ ಗಾಳಿಗೆ ಮಾತ್ರ ಸಮಯ ಕೊಡಿ, ಕಾಸಿಲ್ಲದೆ ಸಿಗುವ ವೇಗ ಇದೊಂದೇ. ಬಾಗಿಲ ಚೌಕಟ್ಟಿನಲ್ಲಿ ಬರೆದಿರುವ ಒತ್ತಡ ಆರಾಮದ ಪಯಣಕ್ಕೆ. ಬಿಗಿ ತಿರುವಿನಲ್ಲಿ ಆ ಒತ್ತಡದ ಟೈರು ಪಕ್ಕಕ್ಕೆ ಮಡಚಿ ಭುಜದ ಮೇಲೆ ನಿಲ್ಲುತ್ತದೆ. ಮುಂಚಕ್ರ ಎಳೆಯುವ ಸಾಧಾರಣ ಕಾರಿಗೆ ಮುಂದೆ 40 ಪಿಎಸ್‌ಐ, ಹಿಂದೆ 36–38ರಿಂದ ಶುರು ಮಾಡಿ. ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ದಾಟಬೇಡಿ. ಟೈರಿನ ಭುಜದಲ್ಲಿ, ಟ್ರೆಡ್ಡಿನ ಅಂಚಿನತ್ತ ತೋರುವ ಸಣ್ಣ ತ್ರಿಕೋನದ ಗುರುತಿರುತ್ತದೆ. ಅಲ್ಲಿ ಟ್ರೆಡ್ಡಿನಿಂದ ಪಕ್ಕದವರೆಗೆ ಸೀಮೆಸುಣ್ಣದ ಗೆರೆ ಎಳೆದು ಒಂದು ಓಟ ಮುಗಿಸಿ ಬನ್ನಿ. ಸುಣ್ಣ ತ್ರಿಕೋನದ ತುದಿಯ ತನಕ ಅಳಿಸಿದ್ದರೆ ಸರಿ. ತುದಿ ದಾಟಿ ಕೆಳಗೂ ಅಳಿಸಿದ್ದರೆ ಟೈರು ಮಡಚುತ್ತಿದೆ, 2 ಪಿಎಸ್‌ಐ ಏರಿಸಿ. ತುದಿಯವರೆಗೆ ಬಂದೇ ಇಲ್ಲವೆಂದರೆ 2 ಇಳಿಸಿ. ಓಟ ಓಟಕ್ಕೂ ಟೈರು ಕಾದು ಒತ್ತಡ ತಾನಾಗಿಯೇ ಏರುತ್ತದೆ. ಆದ್ದರಿಂದ ಬೆಳಗ್ಗೆ ಒಮ್ಮೆ ನೋಡಿ ಮರೆಯುವಂತಿಲ್ಲ, ಪ್ರತಿ ಓಟದ ನಂತರ ಅಳೆದು ಬರೆದಿಡಿ.

ಕಾಲ್ನಡಿಗೆಯಲ್ಲಿ ಗೆಲ್ಲುವುದು

ದಾರಿ ಪ್ರತಿ ಸಲವೂ ಹೊಸದು. ಕಾರಿನಲ್ಲಿ ಅಭ್ಯಾಸದ ಓಟವಿಲ್ಲ, ನಡೆದು ನೋಡಲು ಮಾತ್ರ ಅವಕಾಶ. ಕನಿಷ್ಠ ಮೂರು ಸುತ್ತು ನಡೆಯಿರಿ. ಮೊದಲನೆಯದು ದಾರಿ ತಿಳಿಯಲು. ಎರಡನೆಯದರಲ್ಲಿ ನೆಲ ನೋಡಿ: ಜಲ್ಲಿ ಎಲ್ಲಿದೆ, ಡಾಂಬರಿನ ಸಂದು ಎಲ್ಲಿ ಉಬ್ಬಿದೆ, ನೀರು ಇಳಿಯಲೆಂದು ಬಯಲು ಯಾವ ಕಡೆ ಓರೆಯಾಗಿದೆ. ಮೂರನೆಯದು ಒಬ್ಬರೇ, ಮಾತಿಲ್ಲದೆ. ಆಗಾಗ ಕಾರಿನಲ್ಲಿ ಕೂತಷ್ಟು ಎತ್ತರಕ್ಕೆ ಬಗ್ಗಿ ನೋಡಿ. ನಿಂತಾಗ ಸ್ಪಷ್ಟವಾಗಿ ಕಾಣುವ ದಾರಿ ಕೂತ ಎತ್ತರದಿಂದ ಬರೀ ಕಿತ್ತಳೆ ಬಣ್ಣದ ಸಮುದ್ರ. ಗುಂಪಿನಲ್ಲಿ ಹರಟುತ್ತಾ ನಡೆದವರು ಸ್ಟಾರ್ಟ್ ಗೆರೆಯಲ್ಲಿ ಕೂತಾಗ ಮೂರನೇ ತಿರುವಿನಾಚೆ ಏನಿತ್ತೆಂದು ನೆನಪಾಗದೆ ತಡಕಾಡುತ್ತಾರೆ. ನಡೆದ ಮೇಲೆ ಕಣ್ಣು ಮುಚ್ಚಿ ಇಡೀ ದಾರಿಯನ್ನು ಮನಸ್ಸಿನಲ್ಲಿ ಓಡಿಸಿ. ಎಲ್ಲಿ ಚಿತ್ರ ಕಡಿದು ಹೋಗುತ್ತದೋ ಅಲ್ಲಿಗೆ ಮತ್ತೆ ಹೋಗಿ ನಿಲ್ಲಿ.

ಎಲ್ಲ ಕೋನ್‌ಗಳನ್ನೂ ನೆನಪಿಡುವ ಅಗತ್ಯವಿಲ್ಲ. ನೂರಾರು ಕೋನ್‌ಗಳಲ್ಲಿ ನಿಮ್ಮ ದಾರಿಯನ್ನು ನಿಜವಾಗಿ ತೀರ್ಮಾನಿಸುವವು ಹದಿನೈದೋ ಇಪ್ಪತ್ತೋ. ಅವುಗಳ ಹತ್ತಿರದಿಂದ ಹಾದರೆ ಸಾಕು, ಉಳಿದವು ಅಲಂಕಾರ.

ಕೂರುವ ಬಗೆ, ನೋಡುವ ಬಗೆ

ಭುಜ ಸೀಟಿಗೆ ಅಂಟಿರುವಾಗಲೇ ಮಣಿಕಟ್ಟು ಸ್ಟೇರಿಂಗಿನ ತುದಿಯ ಮೇಲೆ ಕೂರುವಷ್ಟು ಮುಂದಕ್ಕೆ ಬನ್ನಿ. ಹೆಚ್ಚಿನವರು ಇದಕ್ಕಿಂತ ಒಂದು ಗೇಣು ಹಿಂದೆ ಕೂರುತ್ತಾರೆ. ಸೀಟು ಬೆಲ್ಟನ್ನು ಬಿಗಿಸಲು ಒಂದು ಉಪಾಯ: ಸೀಟನ್ನು ಎರಡು ಹಲ್ಲು ಹಿಂದಕ್ಕೆ ಸರಿಸಿ, ಬೆಲ್ಟನ್ನು ಜೋರಾಗಿ ಜಗ್ಗಿ ಲಾಕ್ ಆಗಿಸಿ, ಲಾಕ್ ಬಿಡದ ಹಾಗೆ ಸೀಟನ್ನು ಮುಂದಕ್ಕೆ ತನ್ನಿ. ಮೈ ಹೀಗೆ ಕಟ್ಟಿಕೊಂಡಾಗ ಕೈಗೆ ಸ್ಟೇರಿಂಗ್ ತಿರುಗಿಸುವ ಕೆಲಸ ಒಂದೇ ಉಳಿಯುತ್ತದೆ. ಇಲ್ಲದಿದ್ದರೆ ತಿರುವಿನಲ್ಲಿ ನೀವು ಸ್ಟೇರಿಂಗಿಗೆ ನೇತುಬೀಳುತ್ತೀರಿ, ಟೈರು ಏನು ಹೇಳುತ್ತಿದೆ ಎಂಬುದು ಅಂಗೈಗೆ ತಿಳಿಯುವುದೇ ಇಲ್ಲ.

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಸ್ಲಾಲಮ್‌ನಲ್ಲಿ, ಅಂದರೆ ಸಾಲು ಕೋನ್‌ಗಳ ನಡುವೆ ಎಡಬಲಕ್ಕೆ ಹಾವಿನಂತೆ ಸಾಗುವ ಕಡೆ, ಕೋನ್‌ಗಳು 18–20 ಮೀಟರ್ ಅಂತರದಲ್ಲಿದ್ದರೆ ಸೆಕೆಂಡಿಗೊಂದು ಎದುರಾಗುತ್ತದೆ. ಎದುರಿನ ಕೋನನ್ನೇ ದಿಟ್ಟಿಸುವವನಿಗೆ ಯಾವ ನಿರ್ಧಾರಕ್ಕೂ ಸಮಯವಿಲ್ಲ. ಜೊತೆಗೆ, ಕಣ್ಣು ಎತ್ತ ನೆಟ್ಟಿದೆಯೋ ಕೈ ಅತ್ತಲೇ ತಿರುಗುತ್ತದೆ. ಕೋನನ್ನು ನೋಡಿದರೆ ಕೋನ್ ಬೀಳುತ್ತದೆ. ಆದ್ದರಿಂದ ಕಣ್ಣು ಯಾವಾಗಲೂ ಎರಡು ಕೋನ್ ಮುಂದಿರಲಿ. ಬಿಗಿ ತಿರುವಿನಲ್ಲಿ ಮುಂದಿನ ಗಾಜಿನಿಂದಲ್ಲ, ಪಕ್ಕದ ಕಿಟಕಿಯಿಂದ ನೋಡಬೇಕಾಗುತ್ತದೆ. ನಾಚಿಕೆ ಬಿಟ್ಟು ಕತ್ತು ತಿರುಗಿಸಿ. ಪಕ್ಕದಲ್ಲಿ ಕೂತ ಮಾರ್ಗದರ್ಶಕರು ದಿನವಿಡೀ ಹೇಳುವುದು ಇದೊಂದೇ ಮಾತು: ಮುಂದೆ ನೋಡಿ, ಮುಂದೆ ನೋಡಿ. ಅಂಥವರನ್ನು ಮೊದಲ ಓಟದಿಂದಲೇ ಕೇಳಿ ಕೂರಿಸಿಕೊಳ್ಳಿ, ಹೆಚ್ಚಿನ ಕಡೆ ಇದು ಉಚಿತ.

ಸ್ಲಾಲಮ್‌ನಲ್ಲಿ ಕೋನ್ ದಾಟಿದ ಮೇಲೆ ಸ್ಟೇರಿಂಗ್ ತಿರುಗಿಸಿದರೆ ತಡವಾಯಿತು. ಒಂದರಲ್ಲಿ ಅರ್ಧ ಅಡಿ ತಡ, ಮುಂದಿನದರಲ್ಲಿ ಒಂದಡಿ, ನಾಲ್ಕನೆಯದಕ್ಕೆ ಗೇಟೇ ತಪ್ಪುತ್ತದೆ. ಮೂತಿ ಕೋನ್ ತಲುಪುವ ಮೊದಲೇ ಮರಳಿ ತಿರುಗಿಸಲು ಶುರುವಾಗಬೇಕು. ಹಾಗೆ ಮಾಡಿದಾಗ ಕಾರು ಕೋನಿಗೆ ಅತಿ ಸಮೀಪ ಬರುವುದು ಅದರ ಎದುರಿನಲ್ಲಲ್ಲ, ಬೆನ್ನ ಹಿಂದೆ. ಹಿಂಚಕ್ರ ಕೋನನ್ನು ಒರೆಸಿಕೊಂಡು ಹೋಗುವಂತೆ ಅನ್ನಿಸಬೇಕು.

ಟೈರಿನ ಬಳಿ ಇರುವುದು ಇಷ್ಟೇ

ಟೈರಿನ ಹಿಡಿತ ಒಂದು ಥೈಲಿ ಇದ್ದ ಹಾಗೆ. ಬ್ರೇಕಿಗೆ, ತಿರುವಿಗೆ, ಎಳೆತಕ್ಕೆ, ಎಲ್ಲಕ್ಕೂ ಅದರಿಂದಲೇ ಖರ್ಚು. ಪೂರ್ತಿ ಬ್ರೇಕಿಗೆ ಸುರಿದಿದ್ದಾಗ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ತಿರುವಿಗೆ ಕೊಡಲು ಏನೂ ಉಳಿದಿರುವುದಿಲ್ಲ.

15 ಮೀಟರ್ ತ್ರಿಜ್ಯದ ತಿರುವೊಂದನ್ನು ತೆಗೆದುಕೊಳ್ಳಿ. ಕಾರಿನ ತೂಕದಷ್ಟೇ ಪಕ್ಕದ ಬಲವನ್ನು ಟೈರು ತಾಳಬಲ್ಲದು ಎಂದುಕೊಂಡರೆ ಅಲ್ಲಿ ಸಾಧ್ಯವಿರುವ ವೇಗ ಗಂಟೆಗೆ ಸುಮಾರು 44 ಕಿ.ಮೀ. ಅದನ್ನೇ 48ರಲ್ಲಿ ಹೋಗಬೇಕೆಂದರೆ ಶೇ. 19ರಷ್ಟು ಹೆಚ್ಚು ಹಿಡಿತ ಬೇಕು, ಏಕೆಂದರೆ ಬೇಕಾದ ಬಲ ವೇಗದ ವರ್ಗದಂತೆ ಏರುತ್ತದೆ. ಬರೀ 4 ಕಿ.ಮೀ. ಹೆಚ್ಚಾಗಿ ಒಳನುಗ್ಗಿದ ಕಾರಿನ ಮುಂಚಕ್ರಗಳು ಕಿರುಚುತ್ತಾ ನೇರಕ್ಕೆ ಜಾರುತ್ತವೆ. ಆಗ ಹೊಸಬರು ಮಾಡುವುದು ಇನ್ನಷ್ಟು ಸ್ಟೇರಿಂಗ್ ತಿರುಗಿಸುವುದು. ಅದರಿಂದ ಟೈರು ನೆಲವನ್ನು ಉಜ್ಜುತ್ತದೆಯೇ ವಿನಾ ಕಾರು ತಿರುಗುವುದಿಲ್ಲ. ಆಕ್ಸಿಲರೇಟರ್ ತುಸು ಬಿಟ್ಟು, ಸ್ಟೇರಿಂಗನ್ನು ಸ್ವಲ್ಪ ಸಡಿಲಿಸಿ, ಹಿಡಿತ ಮರಳುವವರೆಗೆ ತಾಳಿ. ಅದಕ್ಕೂ ಮುಂಚೆ, ಬ್ರೇಕನ್ನು ನೇರ ದಾರಿಯಲ್ಲೇ ಗಟ್ಟಿಯಾಗಿ ಒತ್ತಿ ಮುಗಿಸುವುದು ಕಲಿಯಿರಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಾಲಡಿಯಲ್ಲಿ ಗುದ್ದಿದರೆ ಹೆದರಿ ಕಾಲು ತೆಗೆಯಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ.

ಹಿಂಭಾಗ ಜಾರಿ ಕಾರು ಬುಗುರಿಯಾಗತೊಡಗಿತು, ಸರಿಪಡಿಸುವ ಹಂತ ದಾಟಿತು ಎಂದರೆ ಎರಡೂ ಕಾಲು ಒಳಗೆ: ಕ್ಲಚ್ಚು, ಬ್ರೇಕು ಎರಡನ್ನೂ ಪೂರ್ತಿ ಒತ್ತಿ. ಕಾರು ಇದ್ದಲ್ಲೇ ಸುತ್ತಿ ನಿಲ್ಲುತ್ತದೆ, ಎಂಜಿನ್ ಹಿಂದುಮುಂದಾಗಿ ಎಳೆಯುವುದಿಲ್ಲ. ಕಾರು ಜಾರದಂತೆ ತಾನೇ ತಡೆಯುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲನ್ನು ಮೊದಲ ದಿನ ಆಫ್ ಮಾಡಬೇಡಿ. ಅದು ಎಲ್ಲಿ ಅಡ್ಡ ಬರುತ್ತಿದೆಯೋ ಅಲ್ಲಿ ನೀವು ಒರಟಾಗಿದ್ದೀರಿ ಎಂದರ್ಥ, ಅದೇ ಒಳ್ಳೆಯ ಪಾಠ.

ದಿನದ ಮೊದಲ ಓಟದಲ್ಲಿ ಗುರಿ ಒಂದೇ, ಡಿಎನ್‌ಎಫ್ ಆಗದೆ ಮುಗಿಸುವುದು. ಎರಡನೆಯದು, ಮೂರನೆಯದು ತಾನಾಗಿಯೇ ಎರಡು ಮೂರು ಸೆಕೆಂಡು ಇಳಿಯುತ್ತವೆ. ಕೊನೆಯ ಓಟದಲ್ಲಿ ಬಹಳ ಮಂದಿ ಹಲ್ಲು ಕಚ್ಚಿ ಎಲ್ಲ ತಿರುವಿಗೂ ವೇಗವಾಗಿ ನುಗ್ಗಿ ಮೊದಲಿಗಿಂತ ನಿಧಾನವಾಗುತ್ತಾರೆ. ಬದಲಿಗೆ ಒಂದೇ ಜಾಗ ಆಯ್ದುಕೊಳ್ಳಿ, ಇಲ್ಲಿ ಬ್ರೇಕನ್ನು ಬೇಗ ಬಿಡುತ್ತೇನೆ ಎಂದೋ, ಆ ಸ್ಲಾಲಮ್‌ನಲ್ಲಿ ಬೇಗ ತಿರುಗಿಸುತ್ತೇನೆ ಎಂದೋ. ಅದನ್ನಷ್ಟೇ ಬದಲಿಸಿ ನೋಡಿ.

ಓಡಿಸುವ ಸಮಯ ಐದಾರು ನಿಮಿಷವಾದರೆ ಕೋನ್ ಎತ್ತುವ ಪಾಳಿ ಒಂದು ಗಂಟೆಗೂ ಹೆಚ್ಚು. ಇದು ಕಡ್ಡಾಯ; ತಪ್ಪಿಸಿಕೊಂಡವರ ಫಲಿತಾಂಶ ರದ್ದಾಗುತ್ತದೆ. ಓಡುತ್ತಿರುವ ಕಾರಿಗೆ ಬೆನ್ನು ತೋರಿಸಬಾರದು, ಕುರ್ಚಿ ಹಾಕಿ ಕೂರಬಾರದು, ಫೋನ್ ಜೇಬಿನಿಂದ ತೆಗೆಯಬಾರದು. ಕೋನ್ ಬಿದ್ದರೆ ಕಾರು ದಾಟಿದ ಮೇಲೆ ಓಡಿಹೋಗಿ ಚೌಕದಲ್ಲಿ ನೆಟ್ಟು, ಕಾರಿನ ನಂಬರು ಮತ್ತು ಬಿದ್ದ ಕೋನ್‌ಗಳ ಲೆಕ್ಕವನ್ನು ರೇಡಿಯೋದಲ್ಲಿ ತಿಳಿಸಬೇಕು. ಈ ಗಂಟೆಯನ್ನು ಶಿಕ್ಷೆ ಎಂದುಕೊಳ್ಳಬೇಡಿ. ಒಂದೇ ತಿರುವನ್ನು ಮೂವತ್ತು ಚಾಲಕರು ಹೇಗೆ ತೆಗೆದುಕೊಳ್ಳುತ್ತಾರೆಂದು ಅಷ್ಟು ಹತ್ತಿರದಿಂದ ತೋರಿಸುವ ಜಾಗ ಬೇರೆ ಇಲ್ಲ. ವೇಗದ ಚಾಲಕರ ಕಾರು ಸದ್ದಿಲ್ಲದೆ ಹೋಗುತ್ತದೆ, ನಿಧಾನದವರ ಟೈರುಗಳು ಊರಿಗೆಲ್ಲ ಕೇಳುವಂತೆ ಕಿರುಚುತ್ತವೆ.

ಮಣ್ಣಿನ ಆಟೋಕ್ರಾಸ್

ಕರ್ನಾಟಕದಲ್ಲಿ ಆಟೋಕ್ರಾಸ್ ಬೆಂಗಳೂರು, ಚಿಕ್ಕಮಗಳೂರು, ಕೊಡಗು, ಮಂಗಳೂರು ಸುತ್ತಿನ ರ‍್ಯಾಲಿ ಸಂಸ್ಕೃತಿಯ ಕೂಸು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್, ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಆಫ್ ಚಿಕ್ಕಮಗಳೂರು ಮುಂತಾದವು ರಾಷ್ಟ್ರೀಯ ಒಕ್ಕೂಟ ಎಫ್‌ಎಂಎಸ್‌ಸಿಐ ಅಡಿಯಲ್ಲಿ ಬರುತ್ತವೆ. ಒಕ್ಕೂಟದ ಮಾನ್ಯತೆಯ ಸ್ಪರ್ಧೆಗೆ ಸ್ಪರ್ಧಾ ಪರವಾನಗಿ ಬೇಕು. ತರಗತಿ ಸಾಮಾನ್ಯವಾಗಿ ಎಂಜಿನ್ ಸಿಸಿ ಮೇಲೆ: 1100, 1400, 1650 ಎಂಬ ಮೆಟ್ಟಿಲುಗಳು, ಜಿಪ್ಸಿಗಳಿಗೆ, ಮಹಿಳೆಯರಿಗೆ, ಹೊಸಬರಿಗೆ ಪ್ರತ್ಯೇಕ ವಿಭಾಗಗಳು.

ಕಣ್ಣು ಮುಂದಿಡುವ ಪಾಠ ಇಲ್ಲಿಯೂ ಅದೇ, ಟೈರಿನ ಪಾಠ ಬೇರೆ. ಸಡಿಲ ಮಣ್ಣಿನಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಮಣ್ಣನ್ನು ಗುಡ್ಡೆ ಮಾಡಿಕೊಂಡು ನಿಲ್ಲುತ್ತದೆ. ಎಬಿಎಸ್ ಆ ಗುಡ್ಡೆ ಕಟ್ಟಲು ಬಿಡುವುದಿಲ್ಲ, ಹಾಗಾಗಿ ನಿಲ್ಲುವ ದೂರ ಉದ್ದವಾಗುತ್ತದೆ. ಬ್ರೇಕನ್ನು ಬಹಳ ಮುಂಚೆ ಶುರು ಮಾಡಬೇಕು. ಮೊದಲು ಓಡಿದ ಕಾರುಗಳು ಸಡಿಲ ಮಣ್ಣನ್ನು ಗುಡಿಸಿ ಗಟ್ಟಿ ನೆಲ ತೆರೆಯುತ್ತವೆ, ತಡವಾಗಿ ಓಡುವವರಿಗೆ ಹಿಡಿತ ಹೆಚ್ಚು ಸಿಗಬಹುದು. ಗದ್ದೆಯ ಮೆತ್ತನೆಯ ನೆಲವಾದರೆ ಇದು ತಿರುಗುಮುರುಗು: ಹತ್ತು ಕಾರು ಓಡುವಷ್ಟರಲ್ಲಿ ತಿರುವಿನಲ್ಲಿ ಕೊರಕಲು ಬಿದ್ದಿರುತ್ತದೆ. ಕೊರಕಲಿಗೆ ಚಕ್ರ ಅಡ್ಡ ಸಿಕ್ಕರೆ ಟೈರು ರಿಮ್ಮಿನಿಂದ ಕಳಚಬಹುದು, ಕಾರು ಮಗುಚಲೂಬಹುದು. ಹಿಡಿತ ಹೆಚ್ಚಲಿ ಎಂದು ಗಾಳಿಯನ್ನು ತೀರಾ ಇಳಿಸಬಾರದು ಎನ್ನುವುದು ಇದಕ್ಕೇ.

ರಸ್ತೆಯ ಸ್ವಿಫ್ಟ್, ಪೋಲೊಗಳನ್ನು ಮಣ್ಣಿಗೆ ಇಳಿಸುವ ಮುನ್ನ ಎಂಜಿನ್ ಕೆಳಗೆ ಸಂಪ್ ಗಾರ್ಡ್ ಹಾಕಿಸಿ. ಆಯಿಲ್ ಸಂಪಿಗೆ ಒಂದು ಕಲ್ಲು ಬಡಿದು ಒಡೆದರೂ ಎಂಜಿನ್ನಿಗೆ ಅಪಾಯ. ಸ್ಪರ್ಧೆ ಮುಗಿದ ದಿನವೇ ಏರ್ ಫಿಲ್ಟರ್ ತೆಗೆದು ನೋಡಿ, ಧೂಳು ತುಂಬಿದ್ದರೆ ಬದಲಿಸಿ. ಬ್ರೇಕ್ ಮತ್ತು ಡ್ರೈವ್ ಶಾಫ್ಟಿನ ರಬ್ಬರ್ ಬೂಟುಗಳಿಗೆ ಅಂಟಿದ ಕೆಸರನ್ನು ಒಣಗುವ ಮೊದಲೇ ತೊಳೆದು, ಬೂಟು ಎಲ್ಲಾದರೂ ಹರಿದಿದೆಯೇ ನೋಡಿ. ಹರಿದ ಬೂಟಿನೊಳಗೆ ಸೇರಿದ ಮಣ್ಣು ಆ ಜಾಯಿಂಟನ್ನು ತಿಂದುಹಾಕುತ್ತದೆ.